ಓಣಿಯ ಜೀನ್ಸ್ ಯೂನಿಟ್‌ಗಳೆಲ್ಲ ಸೇರಿ ಮಕ್ಕಳಿಗೊಂದು ಕೋಣೆ ಕೇಳಬಹುದಾ?

ಹೊಲಿಗೆಯವಳು, ಬಳ್ಳಾರಿ:
ಎಲ್ಲರಿಗೂ ನಮಸ್ಕಾರ. ನಾನು ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಹೊಲಿಯುತ್ತೇನೆ. ಪೀಸ್ ಲೆಕ್ಕ, ಶನಿವಾರ ಬಟವಾಡೆ. ಮಗಳಿಗೆ ಈಗ ಎರಡು ವರ್ಷ. ಅಂಗನವಾಡಿಯಲ್ಲಿ ಕೇಳಿದೆ, ಮೂರು ತುಂಬಲಿ ಅಂದರು. ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಪಕ್ಕದ ಮನೆಯವರು ನೋಡಿಕೊಳ್ಳಲು ತಿಂಗಳಿಗೆ 2,000 ಕೇಳುತ್ತಾರೆ. ಅದು ನನ್ನ ಒಂದು ವಾರದ ದುಡಿಮೆ. ಹಾಗಾಗಿ ಜೊತೆಗೇ ಕರೆದುಕೊಂಡು ಹೋಗುತ್ತೇನೆ.

ಮೊನ್ನೆ ಜೇಬು ಹೊಲಿಯುತ್ತಿದ್ದೆ. ಮಗಳು ಮಷಿನ್ ಪಕ್ಕ ಚಿಂದಿಯ ಗುಡ್ಡೆ ಮೇಲೆ ಕೂತು ಆಡುತ್ತಿದ್ದಳು. ಸದ್ದೇ ಇಲ್ಲವಲ್ಲ ಅಂತ ಬಗ್ಗಿ ನೋಡಿದರೆ ತುಟಿಯೆಲ್ಲ ನೀಲಿ. ಬಾಯಿಗೆ ಬೆರಳು ಹಾಕಿದೆ. ದಾರದ ತುಂಡುಗಳು, ಅದರೊಳಗೆ ಒಂದು ರಿವೆಟ್, ಜೇಬಿನ ಮೂಲೆಗೆ ಹೊಡೆಯುವ ಲೋಹದ ಗುಂಡಿ. ಆವತ್ತು ಮತ್ತೆ ಪೆಡಲ್ ತುಳಿಯಲು ಕಾಲು ಬರಲಿಲ್ಲ.

ಓಣಿಯ ಏಳೆಂಟು ಯೂನಿಟ್‌ಗಳ ಹೆಂಗಸರು ಸೇರಿ ಸಣ್ಣ ಸಂಘ ಮಾಡಿಕೊಂಡಿದ್ದೇವೆ. ರೇಟು ಜಾಸ್ತಿ ಮಾಡಿ ಅಂತ ಶುರುವಾಗಿದ್ದು, ಈಗ ಮಕ್ಕಳ ಮಾತೇ ಮುಂದೆ ಬಂದಿದೆ. ಮಾಲೀಕರು, "ನನ್ನ ಹತ್ರ ಇರೋದೇ 16 ಜನ, ಮಕ್ಕಳ ಕೋಣೆಯ ಕಾನೂನು ನನಗೆ ಅನ್ವಯ ಆಗಲ್ಲ" ಅನ್ನುತ್ತಾರೆ. ನಿಜವಾ? ಹಳ್ಳಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಇದೆಯಲ್ಲ, ನಮಗೂ ಸಿಗುತ್ತಾ?

ಫಿಟ್ಟರ್, ತೋರಣಗಲ್ಲು:
ತಂಗಿ, ಕಡ್ಡಾಯದ ಮಟ್ಟಿಗೆ ಅವರು ಹೇಳಿದ್ದು ನಿಜ. 1948ರ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಶಿಶುಪಾಲನಾ ಕೋಣೆ ಇರಲೇಬೇಕಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ 50 ಜನ ಅನ್ನುತ್ತದೆ, ಗಂಡಸರು ಹೆಂಗಸರು ಎಲ್ಲ ಸೇರಿ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. ಆದರೆ ಅದೇ ಸಂಹಿತೆಯಲ್ಲಿ ಹಲವು ಯೂನಿಟ್‌ಗಳು ದುಡ್ಡು ಕೂಡಿಸಿ ಒಂದೇ ಕೇಂದ್ರ ನಡೆಸುವ ದಾರಿಯೂ ಇದೆ. ಅದನ್ನು ಹಿಡಿದುಕೊಳ್ಳಿ. ಒಬ್ಬ ಮಾಲೀಕರ ಹತ್ತಿರ ಹೋಗಬೇಡಿ, ಎಲ್ಲರನ್ನೂ ಒಟ್ಟಿಗೆ ಕೂರಿಸಿ. ಸಂಘ ನೋಂದಣಿ ಆಗಿದೆಯಾ? ಅರ್ಜಿ ಹಾಕಲು ಕನಿಷ್ಠ ಏಳು ಜನರ ಸಹಿ ಬೇಕು.

ಕೂಸಿನ ಮನೆ ಆಯಾ, ಕೊಪ್ಪಳ ತಾಲ್ಲೂಕು:
ನಮ್ಮ ಕೂಸಿನ ಮನೆ ಗ್ರಾಮ ಪಂಚಾಯ್ತಿಯದು ಅಕ್ಕ, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ ಮಾಡಿದ್ದು. ಸಿಟಿಯಲ್ಲಿ ಬರುವುದಿಲ್ಲ. ನೀವು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿನಲ್ಲಿ ಪಾಲನಾ ಯೋಜನೆ ಕೇಳಿ. ಅದರಲ್ಲಿ ಅಂಗನವಾಡಿ ಜೊತೆಗೇ 6 ತಿಂಗಳಿಂದ 6 ವರ್ಷದ ಮಕ್ಕಳನ್ನು ನೋಡಿಕೊಳ್ಳಬಹುದು.

ಒಂದು ಮಾತು. ಯಾವಾಗ ಬಾಗಿಲು ಹಾಕುತ್ತಾರೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ನೀವು ರಾತ್ರಿ ಎಂಟರವರೆಗೆ ಹೊಲಿದರೆ, ಕೇಂದ್ರ ಐದಕ್ಕೆ ಮುಚ್ಚಿದರೆ ಏನು ಉಪಯೋಗ? ನಮ್ಮಲ್ಲಿ ಕಡೆಯ ಮಗು ಅಮ್ಮ ಬರುವತನಕ ಹೊಸ್ತಿಲ ಮೇಲೇ ಕೂರುತ್ತದೆ. ಒಳಗೆ ಕರೆದರೂ ಬರುವುದಿಲ್ಲ. ನಾನೂ ಪಕ್ಕದಲ್ಲೇ ಕೂರುತ್ತೇನೆ.

ಜಿನ್ನಿಂಗ್ ಮಿಲ್, ರಾಯಚೂರು:
ಖರ್ಚು ಯಾರದು ಅಂತಲೂ ಬರೆಸಿ ತಂಗಿ. ನಾನು ಹಿಂದೆ ದುಡಿಯುತ್ತಿದ್ದ ಒಂದು ಕಡೆ ಮಕ್ಕಳಿಗೆ ಕೋಣೆ ಕೊಟ್ಟರು, ಆಮೇಲೆ ವಾರದ ಕೂಲಿಯಲ್ಲಿ ಸುಮ್ನೆ ಹಿಡಿದುಕೊಳ್ಳಲು ಶುರು ಮಾಡಿದರು. ನಾವು ಓದದೆ ಹೆಬ್ಬೆಟ್ಟು ಒತ್ತಿದ್ದೆವು. ಇನ್ನೊಂದು, ಒಬ್ಬಳೇ ಮುಂದೆ ನಿಂತು ಮಾತಾಡಬೇಡ. ಪೀಸ್ ಲೆಕ್ಕದವರಿಗೆ ನಾಳೆಯಿಂದ ಮಾಲಿಲ್ಲ ಅಂದರೆ ಮುಗಿಯಿತು ಅಲ್ವಾ? ಹೋದರೆ ಎಲ್ಲರೂ ಹೋಗಿ.

ಹೊಲಿಗೆಯವಳು, ಬಳ್ಳಾರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಊಟದ ಹೊತ್ತಿಗೆ ಒಂದೊಂದು ಯೂನಿಟ್‌ಗೂ ಹೋಗಿ ಲೆಕ್ಕ ಹಾಕಿದೆವು. ಮೂರು ವರ್ಷ ತುಂಬದ ಮಕ್ಕಳು 19. ಅದರಲ್ಲಿ ನಾಲ್ಕು ಮಕ್ಕಳು ಮಷಿನ್ ಕೆಳಗೇ ಮಲಗಿದ್ದವು. ಒಂದು ಗೋಡೌನ್ ಮೇಲೆ ಖಾಲಿ ಕೋಣೆ ಇದೆ, ಆದರೆ ತಗಡಿನ ಛಾವಣಿ. ನಮ್ಮ ಬಿಸಿಲಿಗೆ ಅದರ ಕೆಳಗೆ ಕೂಸುಗಳನ್ನು ಮಲಗಿಸಲು ಆಗುವುದಿಲ್ಲ, ಬೇರೆ ಹುಡುಕುತ್ತಿದ್ದೇವೆ. ನೋಂದಣಿಗೆ ಇವತ್ತು 11 ಜನ ಸಹಿ ಹಾಕಿದರು. ಬಾಗಿಲು ಹಾಕುವ ಹೊತ್ತು, ಖರ್ಚು, ಎರಡನ್ನೂ ಮಾಲೀಕರಿಗೆ ಕೊಡುವ ಅರ್ಜಿಯಲ್ಲಿ ಬರೆದಿದ್ದೇವೆ. ಭಾನುವಾರ ಮಾಲೀಕರನ್ನೆಲ್ಲ ಕರೆದಿದ್ದೇವೆ. ಆ ರಿವೆಟ್ ನನ್ನ ಹತ್ತಿರ ಇದೆ, ತೆಗೆದುಕೊಂಡು ಹೋಗುತ್ತೇನೆ.