ಕೊರೆಯುವ ಚಳಿ, ಏರಿದ ಒತ್ತಡ: ಸಣ್ಣ ವಿಮಾನ ಹಾರಿಸಿದವರ ಅನುಭವ

ಹೊಸ ಪೈಲಟ್ ಕೇಳಿದ್ದು:
ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾಯಿತು. ಇಲ್ಲಿಯವರೆಗೆ ಹಾರಿಸಿದ್ದೆಲ್ಲ ಬೆಚ್ಚಗಿನ ದಿನಗಳಲ್ಲೇ. ಈಗ ಒಂದು ವಾರದಿಂದ ಮೈನಸ್ 25 ಡಿಗ್ರಿ ಚಳಿ, ಒತ್ತಡ 1040 ಹೆಕ್ಟೊಪಾಸ್ಕಲ್. ಆಕಾಶ ತಿಳಿಯಾಗಿದೆ, ಗಾಳಿಯೇ ಇಲ್ಲ. ಹಾರೋಕೆ ಇದಕ್ಕಿಂತ ಒಳ್ಳೆಯ ದಿನ ಸಿಗಲ್ಲ ಅನ್ನಿಸುತ್ತಿದೆ. ನನ್ನದು ನಾಲ್ಕು ಸೀಟಿನ, ಕಾರ್ಬ್ಯುರೇಟರ್ ಇರುವ ವಿಮಾನ. ಇಂಥ ಹವೆಯಲ್ಲಿ ಹಾರಿಸಿದವರು ಏನೇನು ನೋಡಿಕೊಳ್ಳಬೇಕು ಅಂತ ದಯವಿಟ್ಟು ಹೇಳಿ.

ತರಬೇತಿ ಕೊಡುವವರು:
ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ವಿಮಾನಕ್ಕೆ ಈ ಹವೆ ತುಂಬಾ ಇಷ್ಟ, ಅದು ನಿಜ. ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ದಟ್ಟತೆ ನೋಡಿದರೆ ವಿಮಾನಕ್ಕೆ ಯಾವ ಎತ್ತರದಲ್ಲಿ ಹಾರಿದ ಹಾಗಿರುತ್ತದೆ ಅನ್ನುವುದನ್ನು ಲೆಕ್ಕ ಹಾಕೋಣ. ರನ್‌ವೇ ಸಮುದ್ರ ಮಟ್ಟದಿಂದ 500 ಅಡಿ ಮೇಲಿದೆ ಅಂದುಕೊಳ್ಳಿ. ಮಾಮೂಲಿ ಒತ್ತಡ 1013. ನಿಮ್ಮಲ್ಲಿ 27 ಜಾಸ್ತಿ ಇದೆ. ಒಂದು ಹೆಕ್ಟೊಪಾಸ್ಕಲ್‌ಗೆ ಹತ್ತಿರ ಹತ್ತಿರ 30 ಅಡಿ, ಅಲ್ಲಿಗೇ 800 ಅಡಿ ಇಳಿಯಿತು. ಮಾಮೂಲಿ ತಾಪಕ್ಕಿಂತ 40 ಡಿಗ್ರಿ ಕಡಿಮೆ, ಡಿಗ್ರಿಗೆ 120 ಅಡಿ. ಎಲ್ಲ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ ಮೈನಸ್ 5,000 ಅಡಿಯ ಆಸುಪಾಸಿಗೆ ಬರುತ್ತದೆ. ಗಾಳಿ ಅಷ್ಟು ದಟ್ಟ. ವಿಮಾನ ಬೇಗ ನೆಲ ಬಿಡುತ್ತದೆ, ಮೂತಿ ಎತ್ತಿಕೊಂಡು ಏರುತ್ತದೆ. ಮೊದಲ ಸಲ ನಾನು ಚೆಕ್‌ಲಿಸ್ಟ್ ಓದಿ ಮುಗಿಸುವಷ್ಟರಲ್ಲಿ ಸರ್ಕಿಟ್ ಎತ್ತರ, ಅಂದರೆ ರನ್‌ವೇ ಸುತ್ತ ಹಾರುವ ಎತ್ತರ, ದಾಟಿ ಹೋಗಿತ್ತು. ಕೈಪಿಡಿಯ ಟೇಕಾಫ್ ಟೇಬಲ್ 0 ಡಿಗ್ರಿಯಿಂದ ಶುರುವಾಗಿದ್ದರೆ ಆ ಅಂಕಿಯನ್ನೇ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಸಿಕ್ಕಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನನಗೆ ಭಯ ಇರುವುದು ಗಾಳಿಯ ಒತ್ತಡ ಅಳೆದು ಎತ್ತರ ತೋರಿಸುವ ಆಲ್ಟಿಮೀಟರ್ ಬಗ್ಗೆ. ಮೈನಸ್ 30 ಇದ್ದ ಒಂದು ಬೆಳಿಗ್ಗೆ ಗುಡ್ಡದ ಸಾಲು ದಾಟಬೇಕಿತ್ತು. ಗುಡ್ಡದ ತುದಿ ರನ್‌ವೇಗಿಂತ 2,500 ಅಡಿ ಮೇಲೆ. ನಾನು 3,000 ಅಡಿ ಮೇಲೆ ಹೊರಟಿದ್ದೆ. 500 ಅಡಿ ಅಂತರ ಇದೆ, ಒತ್ತಡ ಬೇರೆ ಜಾಸ್ತಿ ಇದೆ, ಚಿಂತೆ ಇಲ್ಲ ಅಂದುಕೊಂಡೆ. ಗುಡ್ಡ ಹತ್ತಿರ ಬಂದಾಗ ಮರಗಳು ತೀರಾ ದೊಡ್ಡದಾಗಿ ಕಂಡವು. ತಕ್ಷಣ ತಿರುಗಿಸಿದೆ. ಕೆಳಗಿಳಿದ ಮೇಲೆ ಲೆಕ್ಕ ಹಾಕಿದರೆ ಕೈಕಾಲು ತಣ್ಣಗಾಯಿತು. ಮಾಮೂಲಿ ತಾಪಕ್ಕಿಂತ ಪ್ರತಿ 10 ಡಿಗ್ರಿ ಕಡಿಮೆಗೆ ಎತ್ತರದ ಶೇಕಡಾ 4ರಷ್ಟು ತಪ್ಪು. 45 ಡಿಗ್ರಿಗೆ ಶೇಕಡಾ 18. 3,000 ಅಡಿಗೆ 540 ಅಡಿ! ಮೇಲಿನ ಗಾಳಿ ನೆಲದ ಹತ್ತಿರದ್ದಕ್ಕಿಂತ ಸ್ವಲ್ಪ ಬೆಚ್ಚಗಿದ್ದದ್ದಕ್ಕೇ ಒಂದಿಷ್ಟು ಅಂತರ ಉಳಿದಿತ್ತು.

ಆವತ್ತಿನ ಒತ್ತಡವನ್ನು ಸೆಟ್ ಮಾಡಿದರೆ ರನ್‌ವೇ ಮೇಲೆ ಮಾತ್ರ ಮುಳ್ಳು ಸರಿ ತೋರಿಸುತ್ತದೆ. ಮೇಲೆ ಹೋದಷ್ಟೂ ಚಳಿಯ ತಪ್ಪು ಬೆಳೆಯುತ್ತಾ ಹೋಗುತ್ತದೆ. ತಣ್ಣನೆ ಗಾಳಿ ಕುಗ್ಗಿರುತ್ತದೆ, ಹಾಗಾಗಿ ನೀವು ಮುಳ್ಳು ತೋರಿಸುವುದಕ್ಕಿಂತ ಕೆಳಗೇ ಇರುತ್ತೀರಿ. ಒತ್ತಡ ಎಷ್ಟೇ ಏರಲಿ, ಇದು ಸರಿಹೋಗುವುದಿಲ್ಲ.

ಇನ್ನೊಬ್ಬರು:
ಸರ್ ಹೇಳಿದ್ದರ ಜೊತೆಗೆ ಇದನ್ನೂ ನೋಡಿ. ಆಲ್ಟಿಮೀಟರ್‌ನ ಪುಟ್ಟ ಕಿಟಕಿಯಲ್ಲಿ ಒತ್ತಡದ ಅಂಕಿ ಎಲ್ಲಿಯವರೆಗೆ ತಿರುಗುತ್ತದೆ? ಬಹುತೇಕ ಉಪಕರಣಗಳಲ್ಲಿ ಪಾದರಸದ 31.00 ಇಂಚು, ಅಂದರೆ 1050 ಹೆಕ್ಟೊಪಾಸ್ಕಲ್ ಹತ್ತಿರ ನಿಂತುಬಿಡುತ್ತದೆ. 1989ರ ಜನವರಿ 31ರಂದು ಅಲಾಸ್ಕಾದ ನಾರ್ತ್‌ವೇಯಲ್ಲಿ ಒತ್ತಡ 31.85 ಇಂಚಿಗೆ ಏರಿತ್ತು. ಅಮೆರಿಕದಲ್ಲಿ ಇಂಥ ದಿನಗಳಿಗೇ ನಿಯಮ ಇದೆ: 18,000 ಅಡಿಯ ಕೆಳಗೆ ಹಾರುವವರು 31.00 ಸೆಟ್ ಮಾಡಿ ಹಾಗೇ ಬಿಡಬೇಕು. ಆಗ ತಪ್ಪು ಉಲ್ಟಾ, ನೀವು ಮುಳ್ಳು ತೋರಿಸುವುದಕ್ಕಿಂತ ಮೇಲಿರುತ್ತೀರಿ. ಹೊರಗೆ 1056 ಇದ್ದು 1050 ಸೆಟ್ ಮಾಡಿದರೆ ಸುಮಾರು 180 ಅಡಿ ವ್ಯತ್ಯಾಸ. ಟೇಕಾಫ್‌ಗೆ ಮುಂಚೆ ಮುಳ್ಳು ರನ್‌ವೇ ಎತ್ತರವನ್ನು ಎಷ್ಟು ಕಡಿಮೆ ತೋರಿಸುತ್ತಿದೆ ಅಂತ ನಾನು ಬರೆದುಕೊಳ್ಳುತ್ತೇನೆ. ಇಳಿಯುವಾಗ ಬೇಕಾಗುತ್ತದೆ. ಚಳಿಯ ತಪ್ಪು, ಈ ತಪ್ಪು ಎರಡೂ ಸೇರಿ ಸರಿಹೋಗುತ್ತವೆ ಅಂತ ಮಾತ್ರ ಲೆಕ್ಕ ಹಾಕಬೇಡಿ.

ಎಂಜಿನ್ ಕೆಲಸದವರು:
ನಾನು ಹಾರಿಸುವುದಿಲ್ಲ, ಹಾರಿಸಿ ಬಂದದ್ದನ್ನು ಬಿಚ್ಚುತ್ತೇನೆ. ಬಿಸಿ ಮಾಡದೆ ಸ್ಟಾರ್ಟ್ ಮಾಡಲೇಬೇಡಿ. ಕಾಂಟಿನೆಂಟಲ್ ಕಂಪನಿಯ ಎಂಜಿನ್‌ಗೆ ಮೈನಸ್ 7ರಿಂದ ಕೆಳಗೆ, ಲೈಕಮಿಂಗ್‌ನ ಹೆಚ್ಚಿನ ಮಾದರಿಗಳಿಗೆ ಮೈನಸ್ 12ರಿಂದ ಕೆಳಗೆ ಮೊದಲೇ ಬಿಸಿ ಮಾಡಬೇಕು. ಎಣ್ಣೆ ಗಟ್ಟಿಯಾಗುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಹೊರಗಿನ ಅಲ್ಯೂಮಿನಿಯಂ, ಒಳಗಿನ ಉಕ್ಕಿನ ಕ್ರ್ಯಾಂಕ್‌ಗಿಂತ ಜಾಸ್ತಿ ಕುಗ್ಗುತ್ತದೆ. ಬೇರಿಂಗ್‌ಗೆ ಜಾಗವೇ ಇಲ್ಲದಂತಾಗುತ್ತದೆ. ಹತ್ತು ನಿಮಿಷ ಎಣ್ಣೆಯನ್ನಷ್ಟೇ ಬಿಸಿ ಮಾಡಿದರೆ ಸಾಲದು. ಇಡೀ ಎಂಜಿನ್ ಒಳಗಿನವರೆಗೆ ಬಿಸಿಯಾಗಬೇಕು.

ಆಮೇಲೆ ಬ್ರೀದರ್ ಪೈಪ್. ಎಂಜಿನ್ ಒಳಗಿನ ಹಬೆ ಅದರಿಂದ ಹೊರಗೆ ಹೋಗುತ್ತದೆ. ವಿಪರೀತ ಚಳಿಯಲ್ಲಿ ಅದರ ತುದಿ ಹಿಮ ಕಟ್ಟಿ ಮುಚ್ಚಿಕೊಳ್ಳುತ್ತದೆ. ಒಂದು ವಿಮಾನ ಇಳಿದಾಗ ಮುಂದಿನ ಗಾಜಿನ ತುಂಬ ಎಣ್ಣೆ. ಒಳಗಿನ ಒತ್ತಡಕ್ಕೆ ಮುಂದಿನ ಸೀಲ್ ಕಿತ್ತು ಬಂದಿತ್ತು. ಪೈಲಟ್ ಪಕ್ಕದ ಕಿಟಕಿಯಿಂದ ನೋಡಿ ಇಳಿಸಿದ್ದರು. ಪೈಪ್ ತುದಿ ಮುಚ್ಚಿದರೂ ಹಬೆಗೆ ದಾರಿ ಇರಲಿ ಅಂತ ಎಂಜಿನ್ ಮುಚ್ಚಳದೊಳಗೆ ಬೆಚ್ಚಗಿರುವ ಕಡೆ ಪೈಪಿಗೆ ಒಂದು ಸಣ್ಣ ಸೀಳು ಇರಬೇಕು. ಇದೆಯಾ ಅಂತ ನೋಡಿಸಿ.

ಎಂಜಿನ್ ನಾಲ್ಕು ಸುತ್ತು ಹೊಡೆದು ನಿಂತರೆ ಸ್ಪಾರ್ಕ್ ಪ್ಲಗ್ ಮೇಲೆ ಹಿಮ ಕಟ್ಟಿರಬಹುದು. ಪ್ರೈಮ್ ಮಾಡುತ್ತಾ, ಅಂದರೆ ಸ್ಟಾರ್ಟ್ ಆಗಲಿ ಅಂತ ಮತ್ತೆ ಮತ್ತೆ ಇಂಧನ ಕೊಡುತ್ತಾ ಕೂರಬೇಡಿ, ಬೆಂಕಿ ಹತ್ತುವುದು ಹಾಗೇ. ಮತ್ತೆ ಬಿಸಿ ಮಾಡಿ.

ಕಾರ್ಬ್ಯುರೇಟರ್ ವಿಮಾನದವರು:
ದಟ್ಟ ಗಾಳಿಗೆ ಕಾರ್ಬ್ಯುರೇಟರ್ ಬೆರೆಸುವ ಮಿಶ್ರಣದಲ್ಲಿ ಇಂಧನ ಸಾಲದೆ ಥ್ರಾಟಲ್ ಕೊಟ್ಟಾಗ ಎಂಜಿನ್ ಕೆಮ್ಮುತ್ತದೆ. ನಿಧಾನಕ್ಕೆ ಕೊಡಿ. ಪೂರ್ತಿ ಒತ್ತಿದರೆ ಈ ಹವೆಯಲ್ಲಿ ಮಾಮೂಲಿಗಿಂತ ಸುಮಾರು ಶೇಕಡಾ 10 ಜಾಸ್ತಿ ಶಕ್ತಿ ಬರುತ್ತದೆ, ಅದು ಎಂಜಿನ್‌ಗೆ ಹೇಳಿದ ಮಿತಿಗಿಂತ ಮೇಲೆ. ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಬಗ್ಗೆ ನಿಮ್ಮ ಕೈಪಿಡಿ ಏನು ಹೇಳುತ್ತದೋ ಅದನ್ನೇ ಮಾಡಿ. ತಾಪ ತೋರಿಸುವ ಮೀಟರ್ ಇಲ್ಲದೆ ಅರ್ಧಂಬರ್ಧ ಹೀಟ್ ಕೊಡಬೇಡಿ. ತೀರಾ ತಣ್ಣಗಿದ್ದು ಹಿಮ ಕಟ್ಟದಿದ್ದ ಕಾರ್ಬ್ಯುರೇಟರ್ ಆಗ ಹಿಮ ಕಟ್ಟುವ ತಾಪಕ್ಕೆ ಬಂದುಬಿಡುತ್ತದೆ. ಇಳಿಯುವಾಗ ಸ್ವಲ್ಪ ಪವರ್ ಇಟ್ಟುಕೊಂಡೇ ಇಳಿಯಿರಿ.

ಹೀಟರ್ ಬಗ್ಗೆ ಒಂದು ಮಾತು:
ಕಿಟಕಿ ಮುಚ್ಚಿ ಹೀಟರ್ ಹಾಕಿ ಒಂದು ಗಂಟೆ ಹಾರಿದ್ದೆ. ತಲೆನೋವು ಶುರುವಾಯಿತು, ಚಳಿಗೆ ಅಂದುಕೊಂಡೆ. ಸೈಲೆನ್ಸರ್‌ನಲ್ಲಿ ಬಿರುಕು ಬಿಟ್ಟಿತ್ತು. ಹೀಟರ್‌ನ ಬಿಸಿ ಗಾಳಿ ಅದರ ಸುತ್ತಲಿಂದಲೇ ಬರುವುದು, ಜೊತೆಗೆ ಎಂಜಿನ್‌ನ ವಿಷದ ಹೊಗೆಯೂ ಒಳಗೆ ಬಂದಿತ್ತು. ಶಬ್ದ ಮಾಡಿ ಎಚ್ಚರಿಸುವ ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಇಲ್ಲದೆ ನಾನು ಈಗ ಹತ್ತುವುದೇ ಇಲ್ಲ.

ತರಬೇತಿ ಕೊಡುವವರು ಮತ್ತೆ:
ಗಾಳಿ ಇಲ್ಲದ ತಿಳಿ ರಾತ್ರಿ ಕಳೆದ ಬೆಳಿಗ್ಗೆ ರೆಕ್ಕೆಯನ್ನು ಬರಿಗೈಲಿ ಮುಟ್ಟಿ ನೋಡಿ. ಮರಳುಕಾಗದದಷ್ಟು ತರಿಯಾದ ಹಿಮ ಇದ್ದರೂ ಲಿಫ್ಟ್, ಅಂದರೆ ರೆಕ್ಕೆ ಎತ್ತುವ ಬಲ, ಶೇಕಡಾ 30ರವರೆಗೆ ಕಡಿಮೆಯಾಗಬಹುದು. ಗಾಳಿ ದಟ್ಟ ಇದೆಯಲ್ಲ ಅಂತ ಬಿಟ್ಟು ಹೊರಡಬೇಡಿ. ಪೂರ್ತಿ ಒರೆಸಿ ಹೊರಡಿ. ಇಂಥ ದಿನ ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬೆಚ್ಚಗಿನ ಪದರ ಮುಚ್ಚಳದ ಹಾಗೆ ಕೂತಿರುತ್ತದೆ. ಹೊಗೆ, ಮಂಜು ಅದರ ಕೆಳಗೇ ಸಿಕ್ಕಿಕೊಳ್ಳುತ್ತವೆ. ಮೇಲಿಂದ ನೇರ ಕೆಳಗೆ ನೋಡಿದರೆ ರನ್‌ವೇ ಚೆನ್ನಾಗಿ ಕಾಣುತ್ತದೆ. ಇಳಿಯಲು ಓರೆಯಾಗಿ ಬಂದಾಗ ಕಾಣುವುದಿಲ್ಲ. ಬೇರೆ ಕಡೆ ಹೋಗಿ ಇಳಿಯುವಷ್ಟು ಇಂಧನ ಇರಲಿ.

ಹೊಸ ಪೈಲಟ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಹ್ಯಾಂಗರ್‌ಗೆ ಹೋಗಿ ನೋಡಿ ಬಂದೆ. ಆಲ್ಟಿಮೀಟರ್ 1050ಕ್ಕೇ ನಿಲ್ಲುತ್ತದೆ. ಬ್ರೀದರ್ ಪೈಪಿನಲ್ಲಿ ಸೀಳು ಕಾಣಿಸಲಿಲ್ಲ. ಮೆಕ್ಯಾನಿಕ್ ಸೋಮವಾರ ಬರುತ್ತಾರೆ. ಅಲ್ಲಿಯವರೆಗೆ ವಿಮಾನ ಒಳಗೇ ಇರುತ್ತದೆ.