ಬಿಲ್ಲಿಗೆ ಜೋಡಿಸುವ ಬತ್ತಳಿಕೆ: ತಂತ್ರಜ್ಞರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕ: ಕಾಂಪೌಂಡ್ ಬಿಲ್ಲುಗಳನ್ನು (ತುದಿಗಳಲ್ಲಿ ಚಕ್ರಗಳೂ ಅವುಗಳ ನಡುವೆ ಕೇಬಲ್ಲುಗಳೂ ಇರುವ ಬಿಲ್ಲುಗಳು) ಜೋಡಿಸಿ ಹದಗೊಳಿಸುವ ವೃತ್ತಿಯಲ್ಲಿರುವ ನಮ್ಮ ಸದಸ್ಯರೊಬ್ಬರು, ಬೇಟೆಗೆ ಬಳಸುವ, ಬಿಲ್ಲಿನ ಮೇಲೆಯೇ ಕೂರುವ ಬತ್ತಳಿಕೆಯ ಕುರಿತು ಉತ್ತರಿಸಲು ಒಪ್ಪಿದ್ದಾರೆ. ಕೇಳುವ ಮೊದಲು ಹಿಂದಿನ ಉತ್ತರಗಳನ್ನು ಓದಬೇಕೆಂದು ವಿನಂತಿ.

ಹೊಸಬಿಲ್ಲಿಗ: ನಮಸ್ಕಾರ ಸರ್. ಇದು ನನ್ನ ಮೊದಲ ಬತ್ತಳಿಕೆ. ಎಷ್ಟು ಬಾಣ ಹಿಡಿಯುವಂಥದ್ದನ್ನು ಕೊಳ್ಳಬೇಕು? ಕಳಚಬಹುದಾದದ್ದು ಒಳ್ಳೆಯದೇ, ಸ್ಕ್ರೂ ಹಾಕಿ ಕೂರಿಸುವಂಥದ್ದೇ?

ತಂತ್ರಜ್ಞ: ನಮಸ್ಕಾರ. ಅಟ್ಟಣೆಯ ಮೇಲೆ ಕುಳಿತು ಕಾಯುವವರಿಗೆ ಮೂರು ಅಥವಾ ನಾಲ್ಕು ಬಾಣ ಸಾಕು. ದಿನವಿಡೀ ನಡೆಯುವವರಿಗೆ ಐದು. ಕೂತಲ್ಲಿ ತೆಗೆದು ಕೊಂಬೆಗೆ ತೂಗುಹಾಕುವ ಅಭ್ಯಾಸವಿದ್ದರೆ ಲಿವರ್ ತಿರುಗಿಸಿ ಕಳಚುವಂಥದ್ದನ್ನು ಆರಿಸಿ. ಯಾವಾಗಲೂ ಬಿಲ್ಲಿನ ಮೇಲೆಯೇ ಇಟ್ಟು ಹೊಡೆಯುವವರಾದರೆ, ರೈಸರ್‌ನ, ಅಂದರೆ ಹಿಡಿಕೆ ಇರುವ ನಡುಭಾಗದ, ಮೇಲೂ ಕೆಳಗೂ ಬೇರೆಬೇರೆಯಾಗಿ ಬಿಗಿಯುವ ಎರಡು ತುಂಡಿನ ಬತ್ತಳಿಕೆ ಬಿಲ್ಲಿಗೆ ಹೆಚ್ಚು ಹತ್ತಿರ ಕೂರುತ್ತದೆ ಮತ್ತು ಕಡಿಮೆ ಅಲುಗುತ್ತದೆ.

ಸಣ್ಣಕಾಂಡ: ನಾನು 4 ಮಿ.ಮೀ. ಬಾಣಗಳನ್ನು ಬಳಸುತ್ತೇನೆ. ಅವು ಬತ್ತಳಿಕೆಯ ಗ್ರಿಪ್ಪರ್‌ನಲ್ಲಿ (ಬಾಣದ ಕಾಂಡವನ್ನು ಹಿಡಿಯುವ ರಬ್ಬರಿನ ಹಿಡಿ) ನಿಲ್ಲದೆ ಜಾರುತ್ತಿವೆ. ರಬ್ಬರು ಕೆಟ್ಟಿದೆಯೇ?

ತಂತ್ರಜ್ಞ: ರಬ್ಬರು ಕೆಟ್ಟಿಲ್ಲ, ಅಳತೆ ಹೊಂದುತ್ತಿಲ್ಲ. ಬಾಣದ ಹೆಸರಿನಲ್ಲಿರುವ 4 ಅಥವಾ 5 ಮಿ.ಮೀ. ಸಾಮಾನ್ಯವಾಗಿ ಕಾಂಡದ ಒಳವ್ಯಾಸವನ್ನು ಸೂಚಿಸುತ್ತದೆ. ಗ್ರಿಪ್ಪರ್ ಹಿಡಿಯುವುದು ಹೊರವ್ಯಾಸವನ್ನು. ಕ್ಯಾಲಿಪರ್‌ನಿಂದ ಅಳೆದು, ಆ ಅಳತೆಯ ಗ್ರಿಪ್ಪರ್ ಬದಲಿಸಿಕೊಳ್ಳಿ. ಒಂದರ ಬದಲು ಎರಡು ಗ್ರಿಪ್ಪರ್‌ಗಳಿರುವ ಬತ್ತಳಿಕೆಯಾದರೆ ಬಾಣದ ಹಿಂಭಾಗ ನಡುಗುವ ಸದ್ದೂ ಕಡಿಮೆಯಾಗುತ್ತದೆ.

ಕಾಡುಹಾದಿ: ನಮಸ್ಕಾರ. ನನ್ನದು ಕ್ಯಾಮ್‌ನಿಂದ ಕ್ಯಾಮ್‌ಗೆ (ಎರಡು ತುದಿಗಳ ಚಕ್ರಗಳ ನಡುವೆ) 31 ಇಂಚಿನ ಬಿಲ್ಲು, ಎಳೆತ 60 ಪೌಂಡ್, ಐದು ಬಾಣಗಳ ಬತ್ತಳಿಕೆ. ಬತ್ತಳಿಕೆ ಇಲ್ಲದಾಗ ಬಾಣಗಳ ಗುಂಪು ಬಿಗಿಯಾಗಿ ಬೀಳುತ್ತದೆ, ಹಾಕಿದರೆ 40 ಗಜದಲ್ಲಿ ಬಲಕ್ಕೆ ಸರಿಯುತ್ತದೆ. ಇದಕ್ಕಾಗಿ ಬೇರೆ ಬತ್ತಳಿಕೆ ಕೊಳ್ಳಬೇಕೇ? ಅಂದಹಾಗೆ, ಮೇಲಿನ ಕ್ಯಾಮ್‌ನ ಹತ್ತಿರ ಕೇಬಲ್ಲಿನ ಒಂದು ಎಳೆ ತುಂಡಾಗಿ ನಿಂತಿದೆ. ಅದಕ್ಕೆ ಮೇಣ ಹಚ್ಚಿದ್ದೇನೆ.

ತಂತ್ರಜ್ಞ: ಬಲಕ್ಕೆ ಸರಿಯುವ ವಿಷಯ ಆಮೇಲೆ. ನೀವು ಅಂದಹಾಗೆ ಎಂದು ಕೊನೆಯಲ್ಲಿ ಸೇರಿಸಿದ ಮಾತೇ ಇಲ್ಲಿ ಮುಖ್ಯ. ಆ ಬಿಲ್ಲನ್ನು ಇನ್ನೊಮ್ಮೆ ಎಳೆಯಬೇಡಿ. ಎಳೆತ 60 ಪೌಂಡ್ ಎಂದು ಬರೆದಿದ್ದರೂ, ಬಿಲ್ಲು ಸುಮ್ಮನೆ ಗೋಡೆಗೆ ತೂಗಿರುವಾಗಲೂ ಅದರ ಹೆದೆ ಮತ್ತು ಕೇಬಲ್ಲುಗಳಲ್ಲಿ ಅದರ ಹಲವು ಪಟ್ಟು ಬಿಗಿತ ಇರುತ್ತದೆ. ಪೂರ್ತಿ ಎಳೆದಾಗ ಕೇಬಲ್ ಹರಿದರೆ ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳಬಹುದು, ಕ್ಯಾಮ್ ಸೊಟ್ಟಗಾಗಬಹುದು, ನಿಮ್ಮ ಮುಖವಂತೂ ಅಲ್ಲೇ ಇರುತ್ತದೆ. ಮೇಣವು ಎಳೆಗಳು ಒಣಗದಂತೆ, ನವೆಯದಂತೆ ಕಾಯುತ್ತದೆಯೇ ಹೊರತು ಕತ್ತರಿಸಿದ್ದನ್ನು ಬೆಸೆಯುವುದಿಲ್ಲ. ಬೋ ಪ್ರೆಸ್ (ಬಿಲ್ಲನ್ನು ಒತ್ತಿ ಹಿಡಿದು ಬಿಗಿತ ಇಳಿಸುವ ಯಂತ್ರ) ಇರುವ ಅಂಗಡಿಗೆ ಒಯ್ದು ಕೇಬಲ್ ಬದಲಿಸಿಕೊಳ್ಳಿ. ಮನೆಯಲ್ಲಿ ಲಿಂಬ್ ಬೋಲ್ಟ್ ಸಡಿಲಿಸಿ ಕೇಬಲ್ ತೆಗೆಯುವ ಸಾಹಸಕ್ಕೆ ಹೋಗಬೇಡಿ.

ಎಳೆ ಏಕೆ ತುಂಡಾಯಿತೆಂಬುದು ತಿಳಿಯದಿದ್ದರೆ ಹೊಸ ಕೇಬಲ್ಲಿಗೂ ಅದೇ ಗತಿ. ನನ್ನ ಅನುಮಾನ ಬತ್ತಳಿಕೆಯ ಹುಡ್‌ನ, ಅಂದರೆ ಬಾಣದ ಮೊನೆಗಳನ್ನು ಮುಚ್ಚುವ ಟೊಪ್ಪಿಗೆಯ, ಮೇಲಿದೆ. ಸ್ಥಿರ ಅಲಗಿನ ಅಗಲವಾದ ಬ್ರಾಡ್‌ಹೆಡ್ (ಬೇಟೆಯ ಬಾಣದ ಅಲಗಿನ ಮೊನೆ) ಬಳಸುತ್ತಿದ್ದು, ಹುಡ್ ಆಳವಿಲ್ಲದ್ದಾಗಿದ್ದರೆ, ತುದಿಯೇನೋ ಫೋಮ್‌ನಲ್ಲಿ ಹುದುಗಿರುತ್ತದೆ, ಆದರೆ ಅಲಗಿನ ಹಿಂಬದಿಯ ಮೂಲೆ ಅಂಚಿನಿಂದ ಹೊರಗೆ ಇಣುಕುತ್ತಿರುತ್ತದೆ. ಗಿಡ್ಡ ಬಿಲ್ಲಿನಲ್ಲಿ ಹುಡ್ ಮೇಲಿನ ಕ್ಯಾಮ್‌ನ ಮಟ್ಟಕ್ಕೇ ಬರುವುದರಿಂದ, ಬಾಣ ಸೆಳೆಯುವಾಗ ಮಣಿಕಟ್ಟು ತುಸು ಒಳಕ್ಕೆ ತಿರುಗಿದರೂ ಆ ಮೂಲೆ ಕೇಬಲ್ಲನ್ನು ಸವರುತ್ತದೆ. ಬಾಣವನ್ನು ಮೊದಲು ಗ್ರಿಪ್ಪರ್‌ನಿಂದ ಬಿಡಿಸಿ, ಬಳಿಕ ನೇರವಾಗಿ ಕೆಳಕ್ಕೆಳೆದು ಹುಡ್‌ನಿಂದ ಹೊರತೆಗೆಯಬೇಕು. ಇಡುವಾಗ ಇದರ ತಿರುಗುಮುರುಗು. ಹುಡ್‌ನ ಚಿತ್ರವೊಂದನ್ನು ಬಾಣಗಳ ಸಮೇತ ಪಕ್ಕದಿಂದ ತೆಗೆದು ಹಾಕಿ.

ಲೆಕ್ಕಿಗ: ಕೇಬಲ್ಲಿನಲ್ಲಿ 24 ಎಳೆಗಳಿದ್ದು ಒಂದು ಹೋದರೆ ಬಲ ಕುಂದುವುದು ಸುಮಾರು 4 ಪ್ರತಿಶತ ಮಾತ್ರ. ಇಷ್ಟು ಹೆದರಿಸುವ ಅಗತ್ಯವಿದೆಯೇ?

ತಂತ್ರಜ್ಞ: ಅಲಗು ಒಂದೇ ಎಳೆಯನ್ನು ಎಣಿಸಿ ಕತ್ತರಿಸಿ ನಿಲ್ಲುವುದಿಲ್ಲ. ಪಕ್ಕದ ಎಳೆಗಳು ಎಷ್ಟು ಗೀರಿಹೋಗಿವೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಭಾಗಾಕಾರ ಅಲ್ಲಿಗೆ ಸಾಲುವುದಿಲ್ಲ.

ಎಡಗೈಯವ: ಸರ್, ನನ್ನದು ಎಡಗೈ ಬಿಲ್ಲು. ಬಲಗೈಯವರಿಗಾಗಿ ಮಾಡಿದ ಬತ್ತಳಿಕೆಯ ಬ್ರಾಕೆಟನ್ನು ತಿರುಗಿಸಿ ಹಾಕಬಹುದೇ?

ಹಿತೈಷಿ: ಎಲ್ಲರಿಗೂ ಉಪಯುಕ್ತವಾದ ಸಂದೇಶ, ದಯವಿಟ್ಟು ಹಂಚಿರಿ: ಹುಡ್‌ನ ಫೋಮ್ ಸಡಿಲವಾಗಿದ್ದರೆ ಕರಗಿದ ಮೇಣ ಸುರಿಯಿರಿ. ಕಂಪನ ನಿಲ್ಲಲು ಬತ್ತಳಿಕೆಯ ಕೆಳತುದಿಯನ್ನು ಲಿಂಬ್‌ಗೆ ಬಿಗಿಯಾಗಿ ಕಟ್ಟಿರಿ. ಸ್ಕ್ರೂ ಸಡಿಲವಾಗದಿರಲು ಸೂಪರ್ ಗ್ಲೂ ಹಾಕಿರಿ.

ತಂತ್ರಜ್ಞ: ಮೂರನ್ನೂ ಮಾಡಬೇಡಿ. ಗಟ್ಟಿಯಾದ ಮೇಣ ಬ್ರಾಡ್‌ಹೆಡ್‌ಗೆ ಅಂಟುತ್ತದೆ, ಚಳಿಯಲ್ಲಿ ಬಿರುಕು ಬಿಟ್ಟು ಉದುರುತ್ತದೆ. ಫೋಮ್ ಚೂರಾಗಿದ್ದರೆ ಹೊಸದನ್ನು ಹಾಕಬೇಕು. ಪ್ರತಿ ಹೊಡೆತಕ್ಕೂ ಬಾಗಿ ನೆಟ್ಟಗಾಗುವ ಲಿಂಬ್‌ಗೆ ಏನನ್ನಾದರೂ ಬಿಗಿದರೆ ಅದರ ಚಲನೆಗೆ ಅಡ್ಡಿ, ಕಟ್ಟಿದ ಜಾಗದಲ್ಲಿ ಉಜ್ಜಾಟ. ಇನ್ನು ಸ್ಕ್ರೂಗಳಿಗೆ, ಬೇಕಾದಾಗ ಬಿಚ್ಚಬಹುದಾದ ನೀಲಿ ಥ್ರೆಡ್‌ಲಾಕರ್‌ನ ಒಂದು ಹನಿ ಸಾಕು. ಕೆಂಪು ಬೇಡ, ಅದನ್ನು ಬಿಚ್ಚಲು ಬಿಸಿ ಕೊಡಬೇಕಾಗುತ್ತದೆ. ಇಂಥ ಸಂದೇಶಗಳನ್ನು ಬರೆದವನು ಯಾರೆಂದು ಯಾರಿಗೂ ತಿಳಿದಿರುವುದಿಲ್ಲ. ಮುರಿದ ಬಿಲ್ಲು ಮಾತ್ರ ನನ್ನ ಮೇಜಿಗೆ ಬರುತ್ತದೆ.

ಹಿತೈಷಿ: ಒಳ್ಳೆಯ ಉದ್ದೇಶದಿಂದ ಕಳುಹಿಸಿದ್ದೆ.

ಬೆಟ್ಟದಬೇಟೆ: ಎಷ್ಟು ಬಾಣಗಳ ಬತ್ತಳಿಕೆ ಒಳ್ಳೆಯದು ಸರ್?

ತಂತ್ರಜ್ಞ: ಮೇಲೆ ಹೇಳಿದ್ದೇನೆ.

ಲೆಕ್ಕಿಗ: ಬಲಕ್ಕೆ ಸರಿಯುವ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ನಾನೇ ಬರೆಯುತ್ತೇನೆ. 400 ಗ್ರೇನ್ ಬಾಣ ಸುಮಾರು 26 ಗ್ರಾಂ, ಐದಕ್ಕೆ 130 ಗ್ರಾಂ. ಖಾಲಿ ಬತ್ತಳಿಕೆಯನ್ನು 250 ಗ್ರಾಂ ಎಂದಿಟ್ಟುಕೊಂಡರೆ ಒಟ್ಟು 380 ಗ್ರಾಂ, ಅದೂ ಬಿಲ್ಲಿನ ಒಂದೇ ಪಕ್ಕದಲ್ಲಿ. ಆದ್ದರಿಂದ ಹೊಡೆಯುವ ಮೊದಲು ಕಳಚುವುದೇ ಸರಿ.

ಉದ್ದಬಿಲ್ಲು: ಮೃಗ ಎದುರಿಗೆ ನಿಂತಾಗ ಕಳಚಲು ನಿಮಗೆ ಪುರುಸೊತ್ತು ಇರುತ್ತದೆಯೇ? ಬತ್ತಳಿಕೆಯನ್ನು ಹಾಕಿಯೇ ಅಭ್ಯಾಸ ಮಾಡಿ, ಹಾಕಿಯೇ ಗುರಿ ನೋಡುವ ಸೈಟ್ ಹೊಂದಿಸಿಕೊಂಡರೆ ಪ್ರಶ್ನೆಯೇ ಏಳುವುದಿಲ್ಲ.

ಲೆಕ್ಕಿಗ: ಎರಡು ಬಾಣ ಹೊಡೆದ ಮೇಲೆ ತೂಕ ಬದಲಾಗುತ್ತದೆಯಲ್ಲ? ನಿಮ್ಮದೇನು ಅರ್ಜುನನ ಅಕ್ಷಯ ಬತ್ತಳಿಕೆಯೇ?

ಉದ್ದಬಿಲ್ಲು: 52 ಗ್ರಾಂಗೆ ಗುರಿ ತಪ್ಪುವವರು ಬತ್ತಳಿಕೆಯನ್ನು ದೂರಬಾರದು. ಅಷ್ಟಕ್ಕೂ ಬಿಲ್ಲಿಗೆ ಬತ್ತಳಿಕೆ ಕಟ್ಟುವುದೇ ಈಚಿನ ಸೋಮಾರಿತನ. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕ ಐದು ಸಾವಿರ ವರ್ಷಗಳಿಗೂ ಹಿಂದಿನ ಮನುಷ್ಯನ ಬಳಿ 14 ಬಾಣಗಳ ಚರ್ಮದ ಬತ್ತಳಿಕೆ ಪ್ರತ್ಯೇಕವಾಗಿಯೇ ಇತ್ತು.

ಲೆಕ್ಕಿಗ: ಆ 14ರಲ್ಲಿ ಪೂರ್ತಿಯಾಗಿ ಸಿದ್ಧವಾಗಿದ್ದುದು ಎರಡೇ. ಅವನ ಬಿಲ್ಲೂ ಅರ್ಧಕ್ಕೇ ನಿಂತಿತ್ತು. ಅವನಿಂದ ಕಲಿಯುವುದು ನಿಮಗೇ ಇರಲಿ.

ನಿರ್ವಾಹಕ: ಇಬ್ಬರೂ ವಿಷಯಕ್ಕೆ ಮರಳಬೇಕು.

ತಂತ್ರಜ್ಞ: ಉದ್ದಬಿಲ್ಲು ಹೇಳಿದ್ದರ ಮೊದಲರ್ಧ ಸರಿ. ಹಾಕಿ ಹೊಡೆಯುವುದೋ ಕಳಚಿ ಹೊಡೆಯುವುದೋ, ಒಂದನ್ನು ನಿರ್ಧರಿಸಿ ಸೈಟ್ ಅದಕ್ಕೇ ಹೊಂದಿಸಿ. ಬಲಗೈಯವರಲ್ಲಿ ಬತ್ತಳಿಕೆ ಬಲಕ್ಕಿರುವುದರಿಂದ ಬಿಲ್ಲಿನ ತಲೆ ಬಲಕ್ಕೆ ವಾಲುತ್ತದೆ, ಬಾಣವೂ ಬಲಕ್ಕೆ ಹೋಗುತ್ತದೆ. ಸೈಟ್‌ನ ರಸಮಟ್ಟದ ಗುಳ್ಳೆಯನ್ನು ನೋಡದೆ ಹೊಡೆಯುವವರಲ್ಲಿ ಇದು ಹೆಚ್ಚು. ತೂಕಕ್ಕಿಂತಲೂ ಅದು ಬಿಲ್ಲಿನಿಂದ ಎಷ್ಟು ದೂರ ಚಾಚಿದೆ ಎಂಬುದು ಮುಖ್ಯ. ಒಳಕ್ಕೆ ಸರಿಸಬಹುದಾದ ಬ್ರಾಕೆಟ್ ಇರುವುದನ್ನೇ ಆರಿಸಿ. ಸರಿಸಿದ ಮೇಲೆ ಕ್ಯಾಮ್, ಕೇಬಲ್ ಅಥವಾ ಸೈಟ್ ಯಾವುದೂ ಹುಡ್‌ಗೂ ಗರಿಗಳಿಗೂ ತಾಗುತ್ತಿಲ್ಲವೆಂದು, ನೀವು ನಿಧಾನವಾಗಿ ಎಳೆಯುವಾಗ ಇನ್ನೊಬ್ಬರಿಂದ ಪಕ್ಕದಿಂದ ನೋಡಿಸಿ. ಉಳಿದ ವಾಲನ್ನು ಎಡಕ್ಕೆ ಸ್ವಲ್ಪ ಭಾರ ಹಾಕಿ ಸರಿದೂಗಿಸಬಹುದು.

ಮಡಚಲಗು: ಹೊಡೆತಕ್ಕೆ ತೆರೆದುಕೊಳ್ಳುವ ಅಲಗಿನ ಬ್ರಾಡ್‌ಹೆಡ್‌ಗಳಿಗೆ ಫೋಮ್ ಹುಡ್ ಆಗಬಹುದೇ?

ತಂತ್ರಜ್ಞ: ಫೋಮ್ ಹಿಡಿದುಕೊಂಡು ಹೊರತೆಗೆಯುವಾಗ ಅಲಗು ತೆರೆಯಬಹುದು. ಇವುಗಳಿಗೆ ರಬ್ಬರಿನ ಒಳಭಾಗವಿರುವ ಹುಡ್ ಹೆಚ್ಚು ಸೂಕ್ತ.

ಬೆಟ್ಟದಬೇಟೆ: ಐದೇ, ಆರೇ ಎಂದಷ್ಟೇ ಕೇಳಿದ್ದೆ. ಇಷ್ಟು ಬಿಗುಮಾನ ಏಕೆ?

ತಂತ್ರಜ್ಞ: ಐದು.

ಕಾಡುಹಾದಿ: ಚಿತ್ರ ಹಾಕಿದ್ದೇನೆ. ನೀವು ಹೇಳಿದಂತೆ ಮೂರು ಅಲಗುಗಳ ಹಿಂಬದಿ ಹೊರಗಿವೆ. ಬೆಳಿಗ್ಗೆ ಎರಡೇ ಬಾರಿ ಎಳೆದು ನೋಡಿದೆ, ಏನೂ ಆಗಲಿಲ್ಲ.

ತಂತ್ರಜ್ಞ: ಎಳೆಯಬೇಡಿ ಎಂಬ ನನ್ನ ವಾಕ್ಯದಲ್ಲಿ ಅರ್ಥವಾಗದ ಪದ ಯಾವುದು? ಚಿತ್ರದಲ್ಲಿ ಹುಡ್‌ನ ಒಳಗೋಡೆಯೂ ಸೀಳಿದೆ, ಆದ್ದರಿಂದ ಫೋಮ್ ಬದಲಿಸಿ ಪ್ರಯೋಜನವಿಲ್ಲ. ಬತ್ತಳಿಕೆ ಬದಲಾಗಲೇಬೇಕು. ಅಂಗಡಿಗೆ ಬಿಲ್ಲನ್ನೂ, ನಿಮ್ಮದೇ ಬ್ರಾಡ್‌ಹೆಡ್ ಹಾಕಿದ ಒಂದು ಬಾಣವನ್ನು ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿಯೂ ಒಯ್ಯಿರಿ. ಹೊಸ ಹುಡ್‌ನೊಳಗೆ ಇಟ್ಟು ನೋಡಿದಾಗ ಅಲಗಿನ ಹಿಂಬದಿ ಅಂಚಿನಿಂದ ಬೆರಳಗಲದಷ್ಟಾದರೂ ಒಳಗೆ ಹೋಗದಿದ್ದರೆ ಅದನ್ನು ಕೊಳ್ಳಬೇಡಿ.

ಎಡಗೈಯವ: ಸರ್, ಬ್ರಾಕೆಟ್ ತಿರುಗಿಸುವ ವಿಷಯ ಕೇಳಿದ್ದೆ.

ಕಾಡುಹಾದಿ: ಒಯ್ಯುತ್ತೇನೆ. ಹಳೆಯ ಬತ್ತಳಿಕೆಯನ್ನು ಅಭ್ಯಾಸಕ್ಕೆ ಬಳಸಬಹುದೇ?

ತಂತ್ರಜ್ಞ: ಅಲಗಿಲ್ಲದ, ಅಭ್ಯಾಸದ ಮೊನೆಯ ಬಾಣಗಳಿಗೆ ಮಾತ್ರ. ಕೇಬಲ್ ಬದಲಾದ ಮೇಲೆ.