ಸಹಾಯ ಬೇಕ್ರಿ: ಹಳೇ ಬಿಎಂಡಬ್ಲ್ಯೂ ಸ್ಟೀರಿಯೋದಾಗ ಬ್ಲೂಟೂತ್ ಹಾಡು

ನಮಸ್ಕಾರ್ರೀ, ನಾ ವಿಜಯಪುರದಾಂವ. ಕಾಕಾನ 2006ರ 5 ಸಿರೀಸ್ ಇ60 ಈಗ ನನ್ನ ಕಡೆ ಐತಿ, ಎಂಜಿನ್ ಇನ್ನೂ ಬೆಣ್ಣಿಹಂಗ, ಆದ್ರ ಮೊಬೈಲಿನ ಹಾಡು ಕೇಳಾಕ ಬ್ಲೂಟೂತ್ ಇಲ್ಲ. ಮೊದ್ಲ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿದ್ನಿ, ಝಳಕಿತನಕ ಚಲೋ, ಸೊಲ್ಲಾಪುರ ಹತ್ರ ಬಂದಂಗ ಅಲ್ಲಿ ಸ್ಟೇಷನ್ ಮ್ಯಾಲೇರಿ ಬರೇ ಗರ್ರ್ ಅಂತೈತಿ. ಅಂಗಡಿಯಾಂವ ಪೂರಾ ಸೆಟ್ ತಗದು ಆಂಡ್ರಾಯ್ಡ್ ಹಾಕೋಣು ಅಂದ, ಆದ್ರ ಇದರಾಗ ಆಡಿಯೋ ಮೋಸ್ಟ್ ಅನ್ನೋ (ಬೆಳಕಿನ ಮ್ಯಾಲೆ ಸಿಗ್ನಲ್ ಕಳಸೋ) ಫೈಬರ್ ಕೇಬಲ್‌ದಾಗ ರಿಂಗ್ ಹಂಗ ಓಡತೈತಿ, ಒಂದ ಕಡೆ ಕಟ್ ಆದ್ರ ಎಲ್ಲಾ ಸೈಲೆಂಟ್, ಅದಕ್ಕ ನಾ ಬ್ಯಾಡ ಅಂದ್ನಿ.

ಆಮ್ಯಾಲ ಆರ್ಮ್‌ರೆಸ್ಟ್ ಒಳಗಿನ ಆಕ್ಸ್ (ಹೊರಗಿನ ಆಡಿಯೋ ಕೊಡೋ) ತೂತಿಗೆ 3.5 ಎಂಎಂ ಪಿನ್ನಿನ ಬ್ಲೂಟೂತ್ ರಿಸೀವರ್ ಚುಚ್ಚಿ, ಪವರ್ ಲೈಟರ್ ಸಾಕೆಟ್‌ಲಿಂದ ಕೊಟ್ನಿ. ಹಾಡೇನೋ ಬಂತು, ಆದ್ರ ಎಕ್ಸಲರೇಟರ್ ಒತ್ತಿದಂಗ ಸ್ಪೀಕರ್‌ದಾಗ ಕುಂಯ್ ಅನ್ನೋ ಸೌಂಡೂ ಏರತೈತಿ! ಅದ ರಿಸೀವರ್ ಪವರ್ ಬ್ಯಾಂಕಿಗೆ ಹಚ್ಚಿದ್ರ ಗಪ್‌ಚಿಪ್. ಅಂದ್ರ ಇದು ಗ್ರೌಂಡ್ ಲೂಪ್ (ಪವರ್ ವೈರು, ಆಡಿಯೋ ವೈರು ಎರಡೂ ಕಡೆ ಅರ್ಥ್ ಕೂಡಿ ಗದ್ದಲ ಒಳಗ ಬರೋದು) ಅಲ್ಲೇನ್ರಿ?

ಆಕ್ಸ್ ವೈರಿಗೆ ಈ ಗದ್ದಲ ತಡಿಯೋ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದ್ರ ಸಾಕೋ, ಇಲ್ಲಾ ಮೋಸ್ಟ್ ರಿಂಗಿಗೆ ಕೂಡೋ ಬ್ಲೂಟೂತ್ ಬಾಕ್ಸ್ ತಗೊಳ್ಳೇಬೇಕೋ? ಐಸೊಲೇಟರ್ ಹಾಕಿದಾವ್ರು ಬೇಸ್ ಕಡಿಮಿ ಆಗತೈತೇನು ಅಂತನೂ ಹೇಳ್ರಿ.